ಠರಾವು ಬರೆಯುವ ಕೈ

ಪ್ರತಿಯೊಂದು ಗ್ರಾಮಸಭೆಯೂ ಎರಡು ಸಲ ನಡೆಯುತ್ತದೆ. ಒಂದು ಸಲ ಜನರ ಎದುರು, ಶಾಲೆಯ ಅಂಗಳದಲ್ಲೋ ಸಮುದಾಯ ಭವನದಲ್ಲೋ. ಇನ್ನೊಂದು ಸಲ ನಡಾವಳಿ ಪುಸ್ತಕದ ಹಾಳೆಯ ಮೇಲೆ. ಮೊದಲನೆಯದು ಎರಡು ಮೂರು ತಾಸಿನಲ್ಲಿ ಮುಗಿದು ಮಂದಿ ಹೊಲಮನೆಗೆ ಮರಳುತ್ತಾರೆ. ಎರಡನೆಯದು ಪಂಚಾಯಿತಿ ಕಚೇರಿಯ ಕಪಾಟಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಮನೆ ಯಾರಿಗೆ ಮಂಜೂರಾಯಿತು, ಗಟಾರ ಯಾವ ಓಣಿಗೆ ಬಂತು, ಉದ್ಯೋಗ ಖಾತರಿ ಕೆಲಸದ ಹಣ ಎಲ್ಲಿ ಹೋಯಿತು ಎಂಬ ತಕರಾರು ಎದ್ದಾಗ ಸಾಕ್ಷಿ ಹೇಳುವುದು ಈ ಪುಸ್ತಕವೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಸಭೆಯ ನಿರ್ಣಯಕ್ಕೆ ಠರಾವು ಎನ್ನುವುದು ರೂಢಿ. 1956ರ ನವೆಂಬರ್ 1ರವರೆಗೆ ಈ ಸೀಮೆ ಮುಂಬೈ ರಾಜ್ಯದಲ್ಲಿತ್ತು, ಮಾತು ಅಲ್ಲಿಂದ ಉಳಿದುಬಂದಿದೆ. ಸಭೆಯಲ್ಲಿ ಎದ್ದು ನಿಂತು ಕೇಳಿದ ಹೆಣ್ಣುಮಗಳ ಪ್ರಶ್ನೆ ಆ ಪುಸ್ತಕಕ್ಕೆ ಏರದಿದ್ದರೆ, ಸರ್ಕಾರದ ಲೆಕ್ಕದಲ್ಲಿ ಆಕೆ ಅಂದು ಬಾಯಿ ಬಿಟ್ಟೇ ಇಲ್ಲ.

ಆದ್ದರಿಂದ ಗ್ರಾಮಸಭೆಯ ಪಾರದರ್ಶಕತೆ ಎಂಬುದು ಎಷ್ಟು ಮಂದಿ ಸೇರಿದರು ಎಂಬ ಲೆಕ್ಕಕ್ಕೆ ಮುಗಿಯುವುದಿಲ್ಲ. ಯಾರು ಮಾತಾಡಬೇಕೆಂದು ತೀರ್ಮಾನಿಸುವವರು ಯಾರು, ಆಡಿದ ಮಾತಿನಲ್ಲಿ ಯಾವುದನ್ನು ಬರೆದುಕೊಳ್ಳಬೇಕೆಂದು ಆರಿಸುವವರು ಯಾರು, ಬರೆದದ್ದನ್ನು ಓದಿ ಹೇಳುವವರು ಯಾರು, ತಪ್ಪು ಬರೆದಿದ್ದರೆ ಯಾರ ಬಾಗಿಲು ತಟ್ಟಬೇಕು ಎಂಬಲ್ಲಿ ಅದು ಇದೆ. ಉತ್ತರದಾಯಿತ್ವ ಎಂಬ ದೊಡ್ಡ ಮಾತು ಕೊನೆಗೆ ಒಂದು ಪುಸ್ತಕ, ಒಂದು ಪೆನ್ನು, ಒಂದಿಷ್ಟು ಸಹಿಗಳ ಮಟ್ಟಕ್ಕೆ ಇಳಿದು ಬರುತ್ತದೆ.

ಎಲ್ಲರಿಗೂ ಕಾಣುವ ಜಾಗದಲ್ಲಿ ಬರೆದಿಡುವ ಪದ್ಧತಿ ಈ ನೆಲಕ್ಕೆ ಹೊಸದಲ್ಲ. ಸವದತ್ತಿ ಒಂದು ಕಾಲಕ್ಕೆ ಸುಗಂಧವರ್ತಿ, ರಟ್ಟ ಅರಸರ ರಾಜಧಾನಿ. ಅವರು ಮುಂದೆ ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ, ರಾಜಧಾನಿ ಬದಲಿಸಿದರು. ರಟ್ಟರ ಕಾಲದ ದಾನಶಾಸನಗಳು ಬಸದಿ, ಗುಡಿಗಳ ಕಲ್ಲಿನ ಮೇಲೆ ಉಳಿದಿವೆ. ಕೊಟ್ಟವರಾರು, ಪಡೆದವರಾರು, ಭೂಮಿ ಎಷ್ಟು, ಅದರ ಗಡಿ ಎಲ್ಲಿಂದ ಎಲ್ಲಿಗೆ ಎಂಬುದನ್ನು ಕೊರೆದು, ಮುರಿದವರಿಗೆ ಶಾಪ ಹಾಕಿ ಮುಗಿಸುವುದು ಆ ಶಾಸನಗಳ ರೀತಿ. ಓದು ಬಾರದವರೂ ಕಲ್ಲು ಎಲ್ಲಿ ನಿಂತಿದೆ ಎಂದು ಬಲ್ಲರು. ಅದನ್ನು ರಾತ್ರೋರಾತ್ರಿ ತಿದ್ದಲು ಬರುವುದಿಲ್ಲ. ಶಾಸನದಲ್ಲಿ ಬಡವರ ಮಾತಿಗೆ ಜಾಗವಿರಲಿಲ್ಲ, ಅದು ನಿಜ. ಆದರೆ ಒಪ್ಪಂದವೆಂದರೆ ಊರ ಕಣ್ಣಿಗೆ ಬೀಳುವ ಕಡೆ ನಿಲ್ಲಬೇಕಾದದ್ದು ಎಂಬ ತಿಳಿವಳಿಕೆ ಅದರಲ್ಲಿತ್ತು.

ಊರ ಒಳಗಿನ ನ್ಯಾಯಕ್ಕೆ ಉತ್ತರ ಕರ್ನಾಟಕದಲ್ಲಿ ಇದ್ದದ್ದು ‘ದೈವ’. ದೇವರಿಗೆ ಹೇಳುವ ಅದೇ ಮಾತು ಇಲ್ಲಿ ಊರ ಹಿರಿಯರ ಕೂಟಕ್ಕೂ ಸಲ್ಲುತ್ತದೆ. ದೈವ ಕೂಡಿತೆಂದರೆ ಅಗಸಿಯ ಬಳಿಯೋ ಚಾವಡಿಯಲ್ಲೋ ಹಿರಿಯರು ಕುಳಿತರೆಂದು ಅರ್ಥ. ಜಾತ್ರೆಯ ಪಟ್ಟಿ ಎತ್ತುವುದು, ಬದುವಿನ ಜಗಳ ಬಿಡಿಸುವುದು, ಅಣ್ಣತಮ್ಮಂದಿರ ಪಾಲು ಮಾಡಿಸುವುದು ಎಲ್ಲ ಅಲ್ಲೇ. ಅದರ ಬಲವೆಂದರೆ ಎಲ್ಲವೂ ಬಯಲಲ್ಲಿ ನಡೆಯುತ್ತಿದ್ದುದು. ಅದರ ದೋಷವೂ ಅಷ್ಟೇ ದೊಡ್ಡದು. ಅಲ್ಲಿ ಹೆಂಗಸರಿಗೆ ಆಸನವಿರಲಿಲ್ಲ. ಊರ ಹೊರಗಿನ ಕೇರಿಯವರು ದೂರ ನಿಲ್ಲಬೇಕಿತ್ತು. ತೀರ್ಪು ಹೇಳಿದವರನ್ನು ‘ಯಾಕೆ ಹೀಗೆ’ ಎಂದು ಮರಳಿ ಕೇಳುವ ದಾರಿಯೇ ಇರಲಿಲ್ಲ. ಬಯಲಲ್ಲಿ ನಡೆಯುವುದು ಬೇರೆ, ಉತ್ತರ ಹೇಳುವ ಹೊಣೆ ಬೇರೆ ಎಂಬುದನ್ನು ತಿಳಿಯಲು ದೈವದ ಕೂಟಕ್ಕಿಂತ ಒಳ್ಳೆಯ ಉದಾಹರಣೆ ಸಿಗದು.

ಪ್ರಶ್ನೆಗೆ ಗುರಿಯಾಗಬೇಕಾದವನೇ ನ್ಯಾಯ ಹೇಳಲು ಕುಳಿತರೆ ಏನಾಗುತ್ತದೆ ಎಂಬುದಕ್ಕೆ ಕಿತ್ತೂರಿನ 1824ರ ಕತೆಯಿದೆ. ಆ ವರ್ಷದ ಸೆಪ್ಟೆಂಬರ್‌ನಲ್ಲಿ ದೇಸಾಯಿ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಸಾಯುವ ಮೊದಲು ದತ್ತಕ ತೆಗೆದುಕೊಂಡ ಪತ್ರ ಧಾರವಾಡದ ಕಲೆಕ್ಟರ್ ಥ್ಯಾಕರೆಯ ಕೈಸೇರಿತು. ಪತ್ರ ಅಸಲಿಯೇ, ರುಜು ದೇಸಾಯಿಯದೇ ಎಂದು ಥ್ಯಾಕರೆ ಅನುಮಾನಪಟ್ಟ. ಅನುಮಾನ ಪಡುವುದು ತಪ್ಪಲ್ಲ. ಆದರೆ ದತ್ತಕ ಸುಳ್ಳೆಂದಾದರೆ ಸಂಸ್ಥಾನ ಸೇರುತ್ತಿದ್ದುದು ಈಸ್ಟ್ ಇಂಡಿಯಾ ಕಂಪನಿಗೆ, ಸುಳ್ಳೋ ನಿಜವೋ ಎಂದು ವಿಚಾರಿಸಿದ್ದು ಅದೇ ಕಂಪನಿಯ ಅಧಿಕಾರಿ. ರಾಣಿ ಚೆನ್ನಮ್ಮ ಮುಂಬೈಯ ಗವರ್ನರನವರೆಗೂ ಬರೆದುಕೊಂಡಳು. ಕೇಳಿಸಿಕೊಳ್ಳುವವರಿರಲಿಲ್ಲ. ಅಕ್ಟೋಬರ್ 23ರಂದು ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್‌ನಲ್ಲಿ ಕಿತ್ತೂರು ಬಿತ್ತು. ಸೆರೆಯಾದ ಚೆನ್ನಮ್ಮ 1829ರ ಫೆಬ್ರವರಿ 2ರಂದು ಬೈಲಹೊಂಗಲದಲ್ಲಿ ತೀರಿಕೊಂಡಳು. ಅವಳ ಸಮಾಧಿ ಇರುವುದೂ ಆ ಊರಿನಲ್ಲೇ. ಈ ಕತೆಯನ್ನು ಶೌರ್ಯದ ಕತೆಯಾಗಿ ಹೇಳುವುದು ಸರಿಯೇ. ಆದರೆ ಅದರ ಮೂಲದಲ್ಲಿ ಇರುವುದು ಒಂದು ದಾಖಲೆಯ ತಕರಾರು, ಮೇಲ್ಮನವಿಗೆ ಬಾಗಿಲಿಲ್ಲದ ಒಂದು ತೀರ್ಮಾನ.

ರಾಮದುರ್ಗದ ಕತೆ ಇನ್ನೂ ಹತ್ತಿರದ್ದು. ಭಾವೆ ಮನೆತನ ಆಳುತ್ತಿದ್ದ ಈ ಪುಟ್ಟ ಸಂಸ್ಥಾನದಲ್ಲಿ 1930ರ ದಶಕದ ಕೊನೆಗೆ ಪ್ರಜಾಸಂಘ ಕಟ್ಟಿಕೊಂಡಿತು. ಆ ವರ್ಷಗಳಲ್ಲಿ ದೇಶದ ಸಂಸ್ಥಾನಗಳಲ್ಲೆಲ್ಲ ಪ್ರಜೆಗಳು ಕೇಳುತ್ತಿದ್ದುದಕ್ಕೆ ಕನ್ನಡದಲ್ಲಿ ‘ಜವಾಬ್ದಾರಿ ಸರ್ಕಾರ’ ಎಂದು ಹೆಸರು. ಇಂದು ಉತ್ತರದಾಯಿತ್ವ ಎನ್ನುವುದನ್ನೇ ಆಗ ಜನ ಜವಾಬ್ದಾರಿ ಎಂದರು, ಆ ಮಾತೇ ಹೆಚ್ಚು ನೇರ. 1939ರ ಏಪ್ರಿಲ್‌ನಲ್ಲಿ ಪ್ರಜಾಸಂಘದ ಮುಂದಾಳುಗಳ ಬಂಧನವಾದಾಗ ಜನ ಸೆರೆಮನೆಗೆ ನುಗ್ಗಿದರು, ಪೊಲೀಸರು ಸತ್ತರು. ಗಾಂಧೀಜಿ ಆ ಹಿಂಸೆಯನ್ನು ಬಹಿರಂಗವಾಗಿ ಖಂಡಿಸಿದರು. ಕೇಳುವ ಜಾಗವೇ ಇಲ್ಲದ ಕಡೆ ಅಸಮಾಧಾನ ಯಾವ ರೂಪ ತಾಳುತ್ತದೆ ಎಂಬುದು ಅಂದು ರಾಮದುರ್ಗದಲ್ಲಿ ಕಂಡಿತು. 1948ರ ಮಾರ್ಚ್‌ನಲ್ಲಿ ಸಂಸ್ಥಾನ ಮುಂಬೈ ಪ್ರಾಂತ್ಯದಲ್ಲಿ ವಿಲೀನವಾಯಿತು.

ಕೇಳುವ ಜಾಗವನ್ನು ಕಾಯ್ದೆಯಲ್ಲಿ ಬರೆದು ಕೊಡಲು ಮುಂದೆ ಹಲವು ದಶಕಗಳೇ ಹಿಡಿದವು. ಕರ್ನಾಟಕದಲ್ಲಿ 1983ರ ಕಾಯ್ದೆ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದಿತು. ಅದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬ್, ಕೊಳವೆಬಾವಿ ತೋಡಿಸಿ ‘ನೀರ್ ಸಾಬ್’ ಎಂದು ಹೆಸರಾದವರು. 1987ರಲ್ಲಿ ಅದರಡಿ ಚುನಾವಣೆ ನಡೆಯಿತು. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್ 24ರಂದು ಜಾರಿಗೆ ಬಂದಾಗ ಗ್ರಾಮಸಭೆ ಎಂಬ ಮಾತು ಸಂವಿಧಾನದೊಳಗೇ ಸೇರಿತು. ಹಳ್ಳಿಯ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಯಾರೂ ಅವರನ್ನು ಆರಿಸಬೇಕಿಲ್ಲ, ಯಾರೂ ತೆಗೆಯಲಾರರು. ಅದೇ ವರ್ಷ ಬಂದ ರಾಜ್ಯದ ಕಾಯ್ದೆಗೆ, ಕೆ.ಆರ್. ರಮೇಶ್ ಕುಮಾರ್ ಸಮಿತಿಯ ವರದಿಯ ನಂತರದ ತಿದ್ದುಪಡಿಯಲ್ಲಿ, ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ ಎಂದು ಹೆಸರಾಯಿತು.

ಕಾಯ್ದೆಯ ಪ್ರಕಾರ ವಾರ್ಡ್ ಸಭೆಯೂ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಮೊದಲು ವಾರ್ಡು, ಆಮೇಲೆ ಗ್ರಾಮ. ಓಣಿಯ ಬೇಡಿಕೆ ಓಣಿಯಲ್ಲಿ ಚರ್ಚೆಯಾಗಿ ಮೇಲೆ ಬರಲಿ ಎಂಬುದು ಈ ಕ್ರಮದ ಉದ್ದೇಶ. ಗ್ರಾಮಸಭೆಯ ಕೋರಂ ಮತದಾರರ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅದು. ವಾರ್ಡ್ ಸಭೆಗೆ ಹತ್ತನೇ ಒಂದು ಭಾಗ ಅಥವಾ 20. ಬಂದವರಲ್ಲಿ ಶೇಕಡಾ 30ರಷ್ಟು ಮಹಿಳೆಯರಿರಬೇಕು. ಪರಿಶಿಷ್ಟ ಜಾತಿ, ಪಂಗಡದವರು ತಮ್ಮ ಜನಸಂಖ್ಯೆಗೆ ತಕ್ಕಷ್ಟು ಇರಬೇಕು. ಸದಸ್ಯರಲ್ಲಿ ಶೇಕಡಾ 10ರಷ್ಟು ಮಂದಿ ವಿಷಯ ತಿಳಿಸಿ ಲಿಖಿತವಾಗಿ ಕೇಳಿದರೆ ವಿಶೇಷ ಸಭೆ ಕರೆಯಬೇಕು. ಮನೆ ಯೋಜನೆಗಳ ಫಲಾನುಭವಿಗಳ ಆಯ್ಕೆ ಈ ಸಭೆಯಲ್ಲೇ ಆಗಬೇಕು.

ನಿಯಮ ಇಷ್ಟು ಸ್ಪಷ್ಟವಾಗಿರುವಾಗ ತೊಡಕು ಎಲ್ಲಿ ಹುಟ್ಟುತ್ತದೆ? ಮೊದಲ ತೊಡಕು ಸಮಯದ್ದು. ಕೆಲಸದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕಚೇರಿಯವರಿಗೆ ಅನುಕೂಲ, ಕೂಲಿಗೆ ಹೋಗುವವಳಿಗೆ ಒಂದು ದಿನದ ಪಗಾರು ಹೋಯಿತು. ಬೈಲಹೊಂಗಲ ಮತ್ತು ಕಿತ್ತೂರು ಸೀಮೆಯಲ್ಲಿ ಕಬ್ಬು ಕಟಾವು ಶುರುವಾಗಿ ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಯ ದಾರಿಯಲ್ಲಿ ಟ್ರ್ಯಾಕ್ಟರುಗಳು ಸಾಲುಗಟ್ಟಿದ ಮೇಲೆ ಹಳ್ಳಿಯಲ್ಲಿ ದುಡಿಯುವ ಕೈಗಳು ಮನೆಯಲ್ಲಿ ಸಿಗುವುದಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಹೊತ್ತಿಗೆ ಸವದತ್ತಿಯ ಯಲ್ಲಮ್ಮನ ಗುಡ್ಡದ ಸುತ್ತಲಿನ ಊರುಗಳು ಯಾತ್ರಿಕರ ಚಕ್ಕಡಿ, ವಾಹನಗಳಿಂದ ತುಂಬಿರುತ್ತವೆ. ರಾಮದುರ್ಗ ತಾಲ್ಲೂಕಿನ ಸುರೇಬಾನದಂಥ ನೇಕಾರರ ಊರಿನಲ್ಲಿ ಮಗ್ಗ ನಿಂತರೆ ಆ ದಿನದ ಗಳಿಕೆ ನಿಂತಂತೆ. ಸಭೆಯ ದಿನವನ್ನು ಆರಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಯಾರು ಬರಬಲ್ಲರು ಎಂಬುದು ಅರ್ಧ ಅವರ ಕೈಯಲ್ಲೇ ಇದೆ. ಡಂಗುರ ಸಾರಿಸಿದ್ದೇವೆ, ನೋಟಿಸು ಹಚ್ಚಿದ್ದೇವೆ ಎಂಬುದು ಬರೀ ಕಾಗದದ ಸಮಾಧಾನವಾಗಬಾರದೆಂದರೆ ದಿನವನ್ನು ವಾರ್ಡ್ ಸಭೆಗಳಲ್ಲೇ ಕೇಳಿ ಗೊತ್ತುಮಾಡಬೇಕು.

ಸ್ಥಳದ ಪ್ರಶ್ನೆಯೂ ಸಣ್ಣದಲ್ಲ. ಗುಡಿಯ ಅಂಗಳ ಊರಿಗೆ ಅನುಕೂಲವಾದ ಜಾಗ, ನೆರಳೂ ಇದೆ. ಆದರೆ ಆ ಕಟ್ಟೆಯ ಮೇಲೆ ಯಾರು ಕೂರುತ್ತಾರೆ, ಯಾರು ಕೆಳಗೆ ನಿಲ್ಲುತ್ತಾರೆ ಎಂಬುದು ಸಭೆ ಶುರುವಾಗುವ ಮುಂಚೆಯೇ ತೀರ್ಮಾನವಾಗಿರುತ್ತದೆ. ಶಾಲೆ ಎಲ್ಲರದು.

ಎಲ್ಲಕ್ಕಿಂತ ಗಂಭೀರವಾದ ತೊಡಕು ಕುರ್ಚಿಯದು. ಗ್ರಾಮಸಭೆಯ ಅಧ್ಯಕ್ಷತೆ ವಹಿಸುವುದು ಪಂಚಾಯಿತಿ ಅಧ್ಯಕ್ಷರು. ಸಭೆ ಪ್ರಶ್ನಿಸಬೇಕಾದದ್ದು ಅದೇ ಪಂಚಾಯಿತಿಯ ಕೆಲಸವನ್ನು. ನಡಾವಳಿ ಬರೆಸುವುದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಜನ ಕರೆಯುವಂತೆ ಪಿಡಿಒ. ಲೆಕ್ಕ ಕೊಡಬೇಕಾದವರೂ ಅವರೇ. ಇಬ್ಬರೂ ಪ್ರಾಮಾಣಿಕರಾಗಿದ್ದರೂ ಈ ಜೋಡಣೆಯೇ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸುತ್ತದೆ. ‘ಹೋದ ವರ್ಷದ ಗಟಾರ ಯಾಕೆ ಅರ್ಧಕ್ಕೆ ನಿಂತಿದೆ’ ಎಂಬ ಪ್ರಶ್ನೆಯನ್ನು ‘ಗಟಾರ ಕಾಮಗಾರಿ ಬಗ್ಗೆ ಚರ್ಚಿಸಲಾಯಿತು’ ಎಂದು ಬರೆದರೆ ಸುಳ್ಳು ಬರೆದಂತಾಗುವುದಿಲ್ಲ. ಆದರೆ ಪ್ರಶ್ನೆ ಸತ್ತಿತು. ಮೊದಲ ವಾಕ್ಯಕ್ಕೆ ಉತ್ತರ ಬೇಕು, ಎರಡನೆಯದಕ್ಕೆ ಏನೂ ಬೇಡ. ಮಾತನ್ನು ಅಳಿಸಿಹಾಕದೆಯೇ ಇಲ್ಲವಾಗಿಸುವ ಈ ಬಗೆಯ ಬರವಣಿಗೆ ಸಭೆಯ ಅತಿ ದೊಡ್ಡ ಶತ್ರು, ಏಕೆಂದರೆ ಇದರಲ್ಲಿ ಯಾರ ಮೇಲೂ ತಪ್ಪು ಹೊರಿಸಲು ಬರುವುದಿಲ್ಲ.

ಇನ್ನೊಂದು ಹಳೆಯ ರೋಗ ಸಹಿಯದು. ಹಾಜರಿ ಪುಸ್ತಕಕ್ಕೆ ಸಭೆಯ ಮೊದಲು ಸಹಿ ಮಾಡಿಸಿ, ನಡಾವಳಿಯನ್ನು ಆಮೇಲೆ ನಿಧಾನವಾಗಿ ಬರೆಯುವುದು ಎಷ್ಟೋ ಕಡೆಯ ರೂಢಿ. ಸಹಿ ಮಾಡಿದವರು ಬಂದಿದ್ದು ನಿಜ, ಆದರೆ ಅವರ ಸಹಿ ತಾವು ನೋಡದ ಬರಹಕ್ಕೆ ಒಪ್ಪಿಗೆಯಾಗಿ ನಿಲ್ಲುತ್ತದೆ. ಮನೆಮನೆಗೆ ಪುಸ್ತಕ ಕಳಿಸಿ ಸಹಿ ಕೂಡಿಸಿ ಕೋರಂ ತೋರಿಸಿದರೆಂಬ ದೂರು ರಾಜ್ಯದ ಹಲವು ಭಾಗಗಳಲ್ಲಿ ಕೇಳಿಬರುತ್ತಲೇ ಇದೆ.

ಈ ರೋಗಗಳಿಗೆ ಮದ್ದು ಸಿಕ್ಕಿದ್ದು ಖಾತರಿ ಕೆಲಸದ ಲೆಕ್ಕದಿಂದ. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1994ರ ಡಿಸೆಂಬರ್‌ನಲ್ಲಿ ಪಾಲಿ ಜಿಲ್ಲೆಯ ಕೋಟ್ ಕಿರಾನಾದಲ್ಲಿ ಮೊದಲ ಜನಸುನವಾಯಿ, ಅಂದರೆ ಜನರ ಬಹಿರಂಗ ವಿಚಾರಣೆ, ನಡೆಸಿತು. ಕಚೇರಿಯ ಹಾಜರಿ ಪಟ್ಟಿಗಳನ್ನು ಸಂಪಾದಿಸಿ ಊರ ಮುಂದೆ ಗಟ್ಟಿಯಾಗಿ ಓದುವುದು, ಹೆಸರಿದ್ದವರು ಎದ್ದು ನಿಂತು ತಾವು ಕೆಲಸ ಮಾಡಿದ್ದೆವೋ ಇಲ್ಲವೋ ಹೇಳುವುದು, ಇಷ್ಟೇ ಅದರ ವಿಧಾನ. ದಾಖಲೆಯನ್ನು ಓದುವವರು ಬದಲಾದರೆ ದಾಖಲೆಯ ಅರ್ಥವೇ ಬದಲಾಗುತ್ತದೆ ಎಂಬುದು ಅಲ್ಲಿ ರುಜುವಾತಾಯಿತು. 2005ರಲ್ಲಿ ಬಂದ ಎರಡು ಕೇಂದ್ರ ಕಾಯ್ದೆಗಳ, ಮಾಹಿತಿ ಹಕ್ಕು ಮತ್ತು ಉದ್ಯೋಗ ಖಾತರಿಯ, ಬೇರು ಇಂಥ ಸಭೆಗಳಲ್ಲಿದೆ. ಉದ್ಯೋಗ ಖಾತರಿ ಕಾಯ್ದೆಯ 17ನೇ ಕಲಂ ಗ್ರಾಮಸಭೆಗೇ ಸಾಮಾಜಿಕ ಲೆಕ್ಕಪರಿಶೋಧನೆಯ ಅಧಿಕಾರ ಕೊಟ್ಟಿತು. ಹಾಜರಿ ಪಟ್ಟಿ, ಬಿಲ್ಲು, ಅಳತೆ ಪುಸ್ತಕ, ಮಂಜೂರಾತಿ ಪತ್ರ ಎಲ್ಲವನ್ನೂ ಪಂಚಾಯಿತಿ ಸಭೆಯ ಮುಂದೆ ಇಡಬೇಕೆಂದಿತು.

ಆ ಕಾಯ್ದೆಯ ಮಾರ್ಗಸೂಚಿಯಲ್ಲಿ ಸಭೆ ನಡೆಸುವ ಬಗೆಯ ಕುರಿತು ಇದ್ದ ಕೆಲವೇ ಸಾಲುಗಳು ಬಹಳ ಬೆಲೆಬಾಳುವಂಥವು. ಸಾಮಾಜಿಕ ಲೆಕ್ಕಪರಿಶೋಧನೆಯ ಸಭೆಗೆ ಪಂಚಾಯಿತಿಗಾಗಲಿ ಕೆಲಸ ಮಾಡಿಸಿದ ಇಲಾಖೆಗಾಗಲಿ ಸೇರದ ವ್ಯಕ್ತಿಯೊಬ್ಬರು ಅಧ್ಯಕ್ಷತೆ ವಹಿಸಬೇಕು. ನಡಾವಳಿ ಬರೆಯುವವರೂ ಹೊರಗಿನವರೇ ಆಗಿರಬೇಕು. ಮಾಹಿತಿ ಓದಿ ಹೇಳುವವರು ಆ ಕೆಲಸ ಮಾಡಿಸಿದವರಾಗಿರಬಾರದು. ಸಭೆಯ ಆರಂಭದಲ್ಲಿ ಒಮ್ಮೆ, ನಡಾವಳಿ ಬರೆದು ಮುಗಿದ ಮೇಲೆ ಇನ್ನೊಮ್ಮೆ ಸಹಿಯಾಗಬೇಕು. ಹಿಂದಿನ ಸಭೆಯ ಆಕ್ಷೇಪಣೆಗಳ ಮೇಲೆ ಏನು ಕ್ರಮವಾಯಿತು ಎಂಬ ವರದಿಯನ್ನು ಮೊದಲು ಓದಿಯೇ ಮುಂದಿನ ವಿಷಯಕ್ಕೆ ಹೋಗಬೇಕು. ಕೋರಂ ಇಲ್ಲದಿದ್ದರೆ ಸಭೆ ಮುಂದೂಡಬಹುದು, ಆದರೆ ಆ ಹೊತ್ತಿಗೆ ಬಂದ ಆಕ್ಷೇಪಣೆಯನ್ನು ಬರೆದುಕೊಳ್ಳದೆ ಬಿಡುವಂತಿಲ್ಲ. ಬಹುಮತದ ತೀರ್ಮಾನಕ್ಕೆ ಒಬ್ಬರೇ ಒಬ್ಬರು ಒಪ್ಪದಿದ್ದರೂ ಅವರ ಭಿನ್ನಾಭಿಪ್ರಾಯ ಪುಸ್ತಕದಲ್ಲಿ ಇರಬೇಕು. ಇವನ್ನು ಬರೆದವರು ನಿಜವಾದ ಸಭೆಗಳಲ್ಲಿ ಕುಳಿತು, ಮಾತು ಎಲ್ಲಿ ಕಳೆದುಹೋಗುತ್ತದೆ ಎಂದು ಕಣ್ಣಾರೆ ಕಂಡವರು. ಒಂದೊಂದು ಸಾಲೂ ಒಂದೊಂದು ಬಿರುಕು ಮುಚ್ಚುತ್ತದೆ.

ಕರ್ನಾಟಕದಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಸಾಮಾಜಿಕ ಲೆಕ್ಕಪರಿಶೋಧನಾ ನಿರ್ದೇಶನಾಲಯವಿದೆ. ಅದರ ಸಂಪನ್ಮೂಲ ವ್ಯಕ್ತಿಗಳು ಊರಿಗೆ ಬಂದು ಕಡತ ನೋಡುತ್ತಾರೆ, ಮನೆಮನೆಗೆ ಹೋಗಿ ಜಾಬ್ ಕಾರ್ಡು ತಾಳೆ ಹಾಕುತ್ತಾರೆ, ಬದು, ಕೃಷಿಹೊಂಡ, ದನದ ಕೊಟ್ಟಿಗೆಗಳ ಅಳತೆ ತೆಗೆಯುತ್ತಾರೆ, ಕೊನೆಗೆ ಗ್ರಾಮಸಭೆಯಲ್ಲಿ ಕಂಡದ್ದನ್ನು ಓದುತ್ತಾರೆ. ಕೆಲಸವೇ ಇಲ್ಲದ ಕಡೆ ಬಿಲ್ಲಾಗಿದ್ದರೆ ಅದು ಆಕ್ಷೇಪಣೆಯಾಗಿ ದಾಖಲಾಗಿ, ವಸೂಲಾತಿಗೆ ಶಿಫಾರಸಾಗುತ್ತದೆ. ಕೊರತೆ ಇರುವುದು ಅದರ ಮುಂದೆ. ಆಕ್ಷೇಪಣೆ ದಾಖಲಾದ ವೇಗದಲ್ಲಿ ವಸೂಲಿ ನಡೆಯುವುದಿಲ್ಲ. ಆರು ತಿಂಗಳ ಮೇಲೆ ಅದೇ ಊರಿಗೆ ಅದೇ ತಂಡ ಬಂದಾಗ ಜನ ಕೇಳುವ ಮೊದಲ ಮಾತು ಹಿಂದಿನ ಸಲದ್ದೇನಾಯಿತು ಎಂಬುದು. ಆ ಪ್ರಶ್ನೆಗೆ ಉತ್ತರವಿಲ್ಲದಿದ್ದರೆ ಮೂರನೇ ಸಭೆಗೆ ಜನ ಬರುವುದಿಲ್ಲ. ಹಳ್ಳಿಯ ಮಂದಿಗೆ ಸಭೆಯಲ್ಲಿ ಆಸಕ್ತಿಯಿಲ್ಲ ಎಂದು ದೂರುವವರು ಈ ಸರಣಿಯನ್ನು ನೋಡಿಲ್ಲ.

ಪಂಚಾಯಿತಿಯ ಇಡೀ ವರ್ಷದ ಲೆಕ್ಕಕ್ಕೆ ಇರುವುದು ಜಮಾಬಂದಿ. ಕಂದಾಯದ ಲೆಕ್ಕ ತೀರಿಸುವ ಹಳೆಯ ಮಾತು ಇದು. 2000ದ ಜಮಾಬಂದಿ ನಿಯಮಗಳು ಅದಕ್ಕೆ ಹೊಸ ಅರ್ಥ ಕೊಟ್ಟವು. ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ, ಹೊರಗಿನ ಅಧಿಕಾರಿಯ ಸಮ್ಮುಖದಲ್ಲಿ, ಪಂಚಾಯಿತಿ ತನ್ನ ಪುಸ್ತಕಗಳನ್ನು ಜನರ ಮುಂದೆ ತೆರೆಯಬೇಕು. ಬಂದ ಹಣ, ಹೋದ ಹಣ, ಮಾಡಿದ ಕೆಲಸ ಎಲ್ಲ ನೋಡಸಿಗಬೇಕು. ಕಾಮಗಾರಿಯ ಜಾಗಕ್ಕೂ ಹೋಗಿ ನೋಡಬೇಕು. ಸ್ವಾತಂತ್ರ್ಯ ದಿನದ ಮಾರನೆಯ ದಿನ ಲೆಕ್ಕ ಕೇಳುವ ಕಾಲ ಶುರುವಾಗುವುದು ಚೆಂದದ ಹೊಂದಿಕೆ. ಆದರೆ ಜಮಾಬಂದಿಯ ಹೆಸರು ಕೇಳಿದವರೇ ಕಡಿಮೆ. ಧ್ವಜವಂದನೆಗೆ ಸೇರುವ ಜನಕ್ಕೆ ಅಲ್ಲೇ ಅದರ ದಿನಾಂಕ ಹೇಳಿದರೆ ಖರ್ಚಿಲ್ಲದೆ ಸುದ್ದಿ ಮುಟ್ಟುತ್ತದೆ.

ಸಭೆಯ ಹೊರಗೆ ಆಗುವ ತೀರ್ಮಾನಗಳ ಪಾಡೇನು ಎಂಬುದನ್ನು 2019ರ ನೆರೆ ಕಲಿಸಿತು. ಮಲಪ್ರಭೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ನಾಲ್ಕೂ ತಾಲ್ಲೂಕುಗಳನ್ನು ಒಂದೇ ದಾರದಲ್ಲಿ ಪೋಣಿಸುವ ಹೊಳೆ. ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿಯ ಬದಿಯಿಂದ ಬೈಲಹೊಂಗಲದ ಸೀಮೆಗೆ ಬಂದು, ಸವದತ್ತಿಯ ನವಿಲುತೀರ್ಥದಲ್ಲಿ ಜಲಾಶಯವಾಗಿ ನಿಂತು, ಅಲ್ಲಿಂದ ಬಿಟ್ಟ ನೀರು ರಾಮದುರ್ಗದ ಮೇಲೆ ಹೋಗುತ್ತದೆ. ಆ ಆಗಸ್ಟ್‌ನಲ್ಲಿ ಜಲಾಶಯ ತುಂಬಿ ನೀರು ಬಿಟ್ಟಾಗ ಕೆಳಗಿನ ಊರುಗಳು ಮುಳುಗಿದವು, ಮಣ್ಣಿನ ಗೋಡೆಗಳು ಕರಗಿ ಕುಸಿದವು. ಮನೆ ಪೂರ್ತಿ ಬಿದ್ದವರಿಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಹಾನಿಯ ಪ್ರಮಾಣ ನೋಡಿ ಮನೆಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು. ಸಿ ವರ್ಗಕ್ಕೆ ಸಿಕ್ಕಿದ್ದು ಸಾವಿರಗಳ ಲೆಕ್ಕದಲ್ಲಿ, ಎ ವರ್ಗಕ್ಕೆ ಲಕ್ಷಗಳ ಲೆಕ್ಕದಲ್ಲಿ. ಒಂದು ಅಕ್ಷರದ ಅಂತರದಲ್ಲಿ ಒಂದು ಸಂಸಾರದ ಮುಂದಿನ ಹತ್ತು ವರ್ಷ ನಿಂತಿತ್ತು.

ಆ ಅಕ್ಷರ ಬರೆದವರು ಸಮೀಕ್ಷೆಗೆ ಬಂದ ಸಿಬ್ಬಂದಿ. ಅವರ ಮೇಲೆ ಆ ದಿನಗಳಲ್ಲಿ ಇದ್ದ ಒತ್ತಡ ಅಷ್ಟಿಷ್ಟಲ್ಲ. ಕೆಸರು ಆರುವ ಮೊದಲೇ ಸಾವಿರಾರು ಮನೆ ನೋಡಿ ಮುಗಿಸಬೇಕಿತ್ತು. ತಪ್ಪುಗಳಾಗುವುದು ಸಹಜ. ಸಹಜವಲ್ಲದ್ದು, ತಪ್ಪಾಗಿದೆ ಎನ್ನುವವರಿಗೆ ಕಾರಣ ಸಿಗದಿರುವುದು. ಗೋಡೆ ಹೇಗೆ ಬಿದ್ದಿತ್ತು, ಯಾವ ದಿನ ಯಾರು ಬಂದು ನೋಡಿದರು, ಯಾವ ಫೋಟೊ ಆಧಾರ ಮಾಡಿ ‘ಸಿ’ ಎಂದರು ಎಂಬ ಒಂದು ಚೀಟಿ ಮನೆಯವರ ಕೈಯಲ್ಲಿದ್ದರೆ ಮೇಲ್ಮನವಿಗೆ ಬುಡವಿರುತ್ತದೆ. ಅದಿಲ್ಲದೆ ತಹಶೀಲ್ದಾರ್ ಕಚೇರಿಯ ಮುಂದೆ ಸಾಲು ನಿಲ್ಲುವವರಿಗೆ ತಮ್ಮ ಸಂಕಟ ಹೇಳಿಕೊಳ್ಳಲು ಬರುತ್ತದೆಯೇ ಹೊರತು ತೀರ್ಮಾನದ ತಪ್ಪನ್ನು ತೋರಿಸಲು ಬರುವುದಿಲ್ಲ. ಕರಡು ಪಟ್ಟಿಯನ್ನು ಪಂಚಾಯಿತಿಯ ಗೋಡೆಗೆ ಹಚ್ಚಿ, ವಾರ್ಡ್ ಸಭೆಯಲ್ಲಿ ಓದಿ, ಆಕ್ಷೇಪಣೆ ಕೇಳಿ ಆಮೇಲೆ ಅಂತಿಮಗೊಳಿಸುವುದಕ್ಕೆ ಒಂದು ವಾರ ಹೆಚ್ಚು ಹಿಡಿದೀತು. ಬಿದ್ದ ಮನೆ ಯಾರದೆಂದು ಓಣಿಗೆ ಗೊತ್ತಿರುವಷ್ಟು ಯಾವ ತಂತ್ರಾಂಶಕ್ಕೂ ಗೊತ್ತಿರುವುದಿಲ್ಲ. ಅರ್ಹರಲ್ಲದವರ ಹೆಸರು ಸೇರಿದ್ದರೂ ಅದನ್ನು ಮೊದಲು ಹಿಡಿಯುವುದು ಆ ಓಣಿಯೇ.

ಸಭೆ ನಡೆದರೆ ಬಡವರಿಗೆ ನಿಜಕ್ಕೂ ಲಾಭವಿದೆಯೇ ಎಂಬುದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದ್ದಾರೆ. ಟಿಮ್ ಬೆಸ್ಲಿ, ರೋಹಿಣಿ ಪಾಂಡೆ, ವಿಜಯೇಂದ್ರ ರಾವ್ ದಕ್ಷಿಣದ ನಾಲ್ಕು ರಾಜ್ಯಗಳ ಹಳ್ಳಿಗಳ ಅಧ್ಯಯನವನ್ನು 2005ರಲ್ಲಿ ಪ್ರಕಟಿಸಿದರು. ಗ್ರಾಮಸಭೆ ನಡೆಸಿದ ಹಳ್ಳಿಗಳಲ್ಲಿ ಬಿಪಿಎಲ್ ಕಾರ್ಡು ಭೂಹೀನರಿಗೂ ಅನಕ್ಷರಸ್ಥರಿಗೂ ತಲಪುವುದು ಹೆಚ್ಚೆಂದು ಕಂಡುಬಂತು. ಮುಂದೆ ವಿಜಯೇಂದ್ರ ರಾವ್ ಅವರು ಪರೋಮಿತಾ ಸನ್ಯಾಲ್ ಜೊತೆ ಸೇರಿ ಕರ್ನಾಟಕವೂ ಸೇರಿದಂತೆ ಅದೇ ನಾಲ್ಕು ರಾಜ್ಯಗಳ ಸುಮಾರು 300 ಗ್ರಾಮಸಭೆಗಳ ಮಾತುಕತೆಯನ್ನು ದಾಖಲಿಸಿ ಓದಿದರು. ಸರ್ಕಾರ ಸಭೆಯನ್ನು ಹೇಗೆ ಏರ್ಪಡಿಸುತ್ತದೆ ಎಂಬುದರ ಮೇಲೆ ಅಲ್ಲಿನ ಮಾತಿನ ಗುಣ ನಿಲ್ಲುತ್ತದೆ ಎಂಬುದು ಅವರಿಗೆ ಕಂಡ ಮುಖ್ಯ ಸಂಗತಿ. ಜನರಿಗೆ ಮಾತು ಬರುವುದಿಲ್ಲ ಎಂಬ ನೆಪ ಅಲ್ಲಿಗೆ ಬಿತ್ತು.

ಹೆಂಗಸರ ಮಾತಿಗೆ ಕರ್ನಾಟಕ ಪ್ರತ್ಯೇಕ ಮಹಿಳಾ ಗ್ರಾಮಸಭೆಯನ್ನು, ಮಕ್ಕಳ ಮಾತಿಗೆ ಮಕ್ಕಳ ಗ್ರಾಮಸಭೆಯನ್ನು ತಂದಿದೆ. ಮಕ್ಕಳ ಸಭೆಯಲ್ಲಿ ಕೇಳುವ ಪ್ರಶ್ನೆಗಳು ನೇರ. ಶಾಲೆಯ ಶೌಚಾಲಯಕ್ಕೆ ನೀರು ಯಾಕಿಲ್ಲ, ಬಸ್ಸು ಯಾಕೆ ನಿಲ್ಲಿಸುವುದಿಲ್ಲ, ದಾರಿಯ ದೀಪ ಯಾಕೆ ಉರಿಯುತ್ತಿಲ್ಲ. ದೊಡ್ಡವರ ನಡಾವಳಿಯಲ್ಲಿ ‘ಚರ್ಚಿಸಲಾಯಿತು’ ಎಂದು ಕರಗಿಹೋಗುವುದು ಇಲ್ಲಿ ಕರಗುವುದಿಲ್ಲ, ಏಕೆಂದರೆ ಕೇಳಿದ ಹುಡುಗಿ ಮರುದಿನವೂ ಅದೇ ಶೌಚಾಲಯದ ಮುಂದೆ ನಿಂತಿರುತ್ತಾಳೆ.

ಈಗ ಪುಸ್ತಕದ ಜೊತೆಗೆ ಗಣಕವೂ ಬಂದಿದೆ. ಗ್ರಾಮೀಣಾಭಿವೃದ್ಧಿ ಇಲಾಖೆಯ ‘ಪಂಚತಂತ್ರ’ ತಂತ್ರಾಂಶದಲ್ಲಿ ಪಂಚಾಯಿತಿಯ ತೆರಿಗೆ, ಲೆಕ್ಕ, ಸಭೆಗಳ ವಿವರ ಏರಿಸಲಾಗುತ್ತದೆ. ಖಾತರಿ ಕೆಲಸದ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೊ ಸಮೇತ ಮೊಬೈಲಿನಲ್ಲಿ ಹಾಕುವ ಪದ್ಧತಿ 2023ರಿಂದ ಕಡ್ಡಾಯವಾಯಿತು. ಇವುಗಳಿಂದ ಮೇಲಿನ ಅಧಿಕಾರಿಗೆ ಕೆಳಗಿನ ಕಚೇರಿ ಚೆನ್ನಾಗಿ ಕಾಣುತ್ತದೆ. ಊರಿನವರಿಗೆ ಕಚೇರಿ ಕಾಣುವುದು ಬೇರೆಯೇ ಸಂಗತಿ. ನೆಟ್‌ವರ್ಕ್ ಸಿಗದೆ ಫೋಟೊ ಏರದ ದಿನ ಹಾಜರಿ ಕಳೆದುಕೊಂಡ ಕೂಲಿಯವಳಿಗೆ ಆ ತಂತ್ರಾಂಶ ತನ್ನ ತಪ್ಪಿನ ಕಾರಣವನ್ನು ಹೇಳುವುದಿಲ್ಲ. ಗೋಡೆಯ ಮೇಲೆ ಬಣ್ಣದಲ್ಲಿ ಬರೆದ ಕಾಮಗಾರಿಯ ಹೆಸರು, ಮೊತ್ತ, ಕೂಲಿ ದಿನಗಳ ಲೆಕ್ಕ ಇಂದಿಗೂ ಹೆಚ್ಚು ಜನರ ಕಣ್ಣಿಗೆ ಬೀಳುವ ದಾಖಲೆ.

ಸಭೆಯಲ್ಲಿ ಉತ್ತರ ಸಿಗದವರಿಗೆ ಉಳಿದ ದಾರಿ ಮಾಹಿತಿ ಹಕ್ಕು. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯದ ಮೇಲೆ, 150 ಪದಗಳ ಒಳಗೆ ಇರಬೇಕು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಗ್ರಾಮ ಪಂಚಾಯಿತಿಯಲ್ಲಿ ಅರ್ಜಿ ತೆಗೆದುಕೊಳ್ಳುವವರು ಪಿಡಿಒ. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ, ಇನ್ನು 30 ದಿನದಲ್ಲಿ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನದೊಳಗೆ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯದು. ಕಾರಣವಿಲ್ಲದೆ ತಡಮಾಡಿದ ಅಧಿಕಾರಿಗೆ ಆಯೋಗ ದಿನಕ್ಕೆ 250 ರೂಪಾಯಿಯಂತೆ 25,000 ರೂಪಾಯಿಯವರೆಗೆ ದಂಡ ಹಾಕಬಹುದು. ‘ನಮ್ಮ ಊರಿನ ಅಭಿವೃದ್ಧಿಯ ಮಾಹಿತಿ ಕೊಡಿ’ ಎಂದು ಕೇಳಿದರೆ ಉತ್ತರವೂ ಅಷ್ಟೇ ಮೋಡಮೋಡವಾಗಿ ಬರುತ್ತದೆ. ಕೇಳಬೇಕಾದದ್ದು ಮೂರು ಹಾಳೆಗಳನ್ನು: ಇಂಥ ತಾರೀಖಿನ ಗ್ರಾಮಸಭೆಯ ಹಾಜರಿ ಪುಟ, ಅದೇ ಸಭೆಯ ನಡಾವಳಿಯ ದೃಢೀಕೃತ ನಕಲು, ಅದರ ಠರಾವುಗಳ ಮೇಲೆ ಆದ ಕ್ರಮದ ಅನುಪಾಲನಾ ವರದಿ. ನಕಲಿನ ದರ ಪುಟಕ್ಕೆ ಎರಡು ರೂಪಾಯಿ.